ಬಾಯಲ್ಲಿ ಬಾರದ ಹೆಸರು

ಹೋದ ತಿಂಗಳು ಅಣ್ಣನ ಮಗಳ ಲಗ್ನಪತ್ರಿಕೆಯ ಕರಡು ಪ್ರೆಸ್ಸಿನಿಂದ ಬಂತು. ಈಗ ಎಲ್ಲರೂ ಇಂಥದ್ದನ್ನು ಮೊಬೈಲಿನಲ್ಲೇ ನೋಡಿ ಸರಿ ಅಂದುಬಿಡುತ್ತಾರೆ. ನಾನು ಹಟ ಹಿಡಿದು ಕಾಗದದ ಮೇಲೆಯೇ ಹೊಡೆಸಿ ತರಿಸಿದ್ದೆ. ಮಗ್ಗದಲ್ಲಿ ಕೂತೇ ಅದನ್ನು ಬಿಡಿಸಿದೆ. ಹಸಿ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ನೇಯುತ್ತಿದ್ದ ಸೀರೆಗೆ ಶಾಯಿ ತಾಗೀತೆಂದು ಕೈ ಮೇಲೆತ್ತಿ ಹಿಡಿದು ವರನ ಹೆಸರು ಓದಿದವಳು, ಹಾಗೇ ಎದ್ದು ಹುಡುಗನ ತಾಯಿಗೆ ಫೋನ್ ಮಾಡಿದೆ.

“ಅಕ್ಕಾ, ಹುಡುಗನ ಪೂರ್ತಿ ಹೆಸರು ಒಂದ್ಸಲ ಬಾಯಲ್ಲಿ ಹೇಳ್ರಿ.”

“ಕಾರ್ಡ್‌ನಾಗೆ ಐತಲ್ಲಮ್ಮಾ...”

“ಕಾರ್ಡ್‌ನಾಗಿರೋದು ಬ್ಯಾಡ್ರಿ. ಇಸ್ಕೂಲ್‌ನಾಗೆ ಏನೈತೆ ಅದು ಹೇಳ್ರಿ.”

ಪಕ್ಕದಲ್ಲಿದ್ದ ಅಣ್ಣ ಹಣೆ ಚಚ್ಚಿಕೊಂಡ. “ಮದ್ವೆ ಮನೇಲಿ ಕೋರ್ಟ್ ಶುರು ಮಾಡಿದ್ಯಲ್ಲೇ!” ಅಂದ. ಅವನು ಅಂದದ್ದು ಸುಳ್ಳಲ್ಲ. ಈ ಚಾಳಿ ನನಗೆ ಅಂಟಿದ್ದು ಕೋರ್ಟಿನ ಬಾಗಿಲಲ್ಲೇ. ಅಂಟಿಸಿದವರು ಚಳ್ಳಕೆರೆಯ ಟೈಪಿಂಗ್ ಮೇಷ್ಟ್ರು. ಆ ಶಾಯಿಯ ವಾಸನೆಯೂ ಅವರ ಕೋಣೆಯದೇ...

ಒಂದು ಕಾಲಕ್ಕೆ ನನಗೂ ಮದುವೆಯಾಗಿತ್ತು. ಹುಡುಗ ನಮ್ಮ ಮೊಳಕಾಲ್ಮುರಿನವನೇ, ನಮ್ಮ ಹಾಗೆಯೇ ಮನೆಯಲ್ಲಿ ತೆಲುಗು ಆಡುವ ನೇಕಾರರ ಮನೆಯವನು. ಆದರೆ ಮಗ್ಗ ಬಿಟ್ಟು ಮಸ್ಕತ್ತಿನ ಒಂದು ಲಾಂಡ್ರಿಯಲ್ಲಿ ಕೆಲಸಕ್ಕಿದ್ದ. ರಜೆಗೆ ಬಂದ, ನನ್ನನ್ನು ನೋಡಿದ, ಚಳ್ಳಕೆರೆಯ ಛತ್ರವೊಂದರಲ್ಲಿ ತಾಳಿ ಕಟ್ಟಿದ, ಇಪ್ಪತ್ತೇಳು ದಿನ ಇದ್ದು ಹೊರಟುಹೋದ. ವೀಸಾ ಕಳಿಸುತ್ತೇನೆ ಅಂದಿದ್ದ. ಒಂದು ವರ್ಷ ಫೋನು ಬಂತು. ದಿನಕ್ಕೊಮ್ಮೆ ಇದ್ದದ್ದು ವಾರಕ್ಕೊಮ್ಮೆಯಾಯಿತು, ಆಮೇಲೆ ತಿಂಗಳಿಗೊಮ್ಮೆ. ಕೊನೆಯ ಸಲ, “ನನ್ ಕೈಲಿ ಆಗಲ್ಲ, ನಿನ್ ದಾರಿ ನೀನು ನೋಡ್ಕೋ,” ಅಂದ. ಜಗಳವಿಲ್ಲ, ಬೈಗುಳವಿಲ್ಲ. ಮರುದಿನದಿಂದ ಆ ನಂಬರಿಗೆ ಫೋನು ಹೋಗುವುದೇ ನಿಂತಿತು.

ಸರಿ, ನನ್ನ ದಾರಿ ನಾನು ನೋಡಿಕೊಳ್ಳೋಣ ಅಂದರೆ ಹೋದಲ್ಲೆಲ್ಲ ಅವನೇ ಅಡ್ಡ. ಯಾವ ಅರ್ಜಿ ತೆಗೆದುಕೊಂಡರೂ ಅದರಲ್ಲಿ ಗಂಡನ ಹೆಸರಿಗೆ ಒಂದು ಸಾಲು. ಅರಿಶಿನ ಕುಂಕುಮಕ್ಕೆ ಕರೆಯಲು ಬಂದವರು ನನ್ನನ್ನು ಕರೆಯಬೇಕೋ ಬೇಡವೋ ಎಂದು ಬಾಗಿಲಲ್ಲೇ ನಿಂತು ಲೆಕ್ಕ ಹಾಕುತ್ತಿದ್ದರು. ತವರಿಗೆ ಬಂದು ಮತ್ತೆ ಮಗ್ಗಕ್ಕೆ ಇಳಿದೆ. ಕೆಲಸವೇನೋ ಸಿಕ್ಕಿತು, ಆದರೆ ಇತ್ತ ಗಂಡನಿರುವವಳೂ ಅಲ್ಲ, ಅತ್ತ ಇಲ್ಲದವಳೂ ಅಲ್ಲ ಎಂಬ ಹಾಗೆ ನೇತಾಡುವುದು ಸಾಕಾಗಿಹೋಗಿತ್ತು. ಅವನ ಮೇಲೆ ಸೇಡೇನೂ ಇರಲಿಲ್ಲ. ನನಗೆ ಬಿಡುಗಡೆ ಬೇಕಿತ್ತು, ಅಷ್ಟೇ. ಮದುವೆ ನಡೆದದ್ದು ಚಳ್ಳಕೆರೆಯಲ್ಲಿ, ಅಲ್ಲಿನ ಕೋರ್ಟಿನಲ್ಲೇ ಕೇಸು ಹಾಕಬಹುದು ಎಂದು ನಾವು ಹಿಡಿದ ವಕೀಲರಮ್ಮ ಹೇಳಿದರು. ಅರ್ಜಿ ಟೈಪು ಮಾಡಿಸಿಕೊಂಡು ಬನ್ನಿ ಎಂದು ಕೋರ್ಟಿನ ಎದುರಿನ ಕೋಣೆ ತೋರಿಸಿದರು.

ಆ ಕೋಣೆಯಲ್ಲಿ ಮೂರು ಜನ ಕೂತರೆ ನಾಲ್ಕನೆಯವರು ಹೊರಗೆ. ಒಂದು ಮೇಜು, ಒಂದು ಕಂಪ್ಯೂಟರು, ಮೂಲೆಯಲ್ಲಿ ಬಟ್ಟೆ ಹೊದ್ದು ಕೂತ ಹಳೆಯ ಕನ್ನಡ ಟೈಪ್‌ರೈಟರು. ಮೇಷ್ಟ್ರು ಹಿಂದೆ ಟೈಪಿಂಗ್ ಶಾಲೆ ನಡೆಸುತ್ತಿದ್ದರಂತೆ. ಶಾಲೆ ಮುಚ್ಚಿದ ಮೇಲೂ ಮೇಷ್ಟ್ರು ಎಂಬುದು ಉಳಿದಿತ್ತು. ಅರವತ್ತು ದಾಟಿದ ವಯಸ್ಸು, ಅರ್ಧ ತೋಳಿನ ಬಿಳಿ ಅಂಗಿ, ಕಿವಿಯ ಮೇಲೊಂದು ಪೆನ್ಸಿಲು. ಕಂಪ್ಯೂಟರಿನ ಕೀಲಿಗಳನ್ನೂ ಹಳೆಯ ಮಿಷನ್ನಿನ ಹಾಗೇ ಕುಟ್ಟುತ್ತಿದ್ದರು, ಮೇಜು ಅಲ್ಲಾಡುತ್ತಿತ್ತು. ಗೋಡೆಗಳಿಗೆ ಹತ್ತಿದ ರಿಬ್ಬನ್ ಶಾಯಿಯ ವಾಸನೆ, ಹೊರಗಿನಿಂದ ಬರುವ ಎಣ್ಣೆ ಮಿಲ್ಲಿನ ಶೇಂಗಾ ವಾಸನೆ, ಎರಡೂ ಸೇರಿ ಹಸಿವಾಗುತ್ತಿತ್ತೋ ತಲೆ ಸುತ್ತುತ್ತಿತ್ತೋ ಗೊತ್ತಾಗುತ್ತಿರಲಿಲ್ಲ.

ಅವರದೊಂದು ಪದ್ಧತಿಯಿತ್ತು. ಯಾವ ಹೆಸರನ್ನೂ ಕಾಗದ ನೋಡಿಕೊಂಡು ಹೊಡೆಯುತ್ತಿರಲಿಲ್ಲ. ಅರ್ಜಿ ಯಾರದೋ ಅವರೇ ಬಾಯಿಬಿಟ್ಟು ಹೇಳಬೇಕು, ಇವರು ಕೇಳಿ ಹೊಡೆಯಬೇಕು. ಕಂದಾಯದ ತಕರಾರಿಗೆ ಬಂದ ರೈತರಾಗಲಿ, ಸೂಟು ಹಾಕಿಕೊಂಡು ಬಂದವರಾಗಲಿ, ಎಲ್ಲರಿಗೂ ಅದೇ. ಅವಸರ ಮಾಡಿದವರಿಗೆ, “ಬರೆಯೋವಾಗ ಕೈ ಓಡ್ತದೆ ಸ್ವಾಮಿ. ಹೇಳೋವಾಗ ಮನುಷ್ಯ ಒಂದ್ ಗಳಿಗೆ ಯೋಚ್ನೆ ಮಾಡ್ತಾನೆ,” ಅನ್ನುತ್ತಿದ್ದರು.

ಅಪ್ಪನ ಜೊತೆ ಹೋಗಿ ಕೂತೆ. ನನ್ನ ಹೆಸರು ಹೇಳಿದೆ. ತಂದೆಯ ಹೆಸರು ಹೇಳಿದೆ. ಊರು, ಬೀದಿ, ವಯಸ್ಸು ಎಲ್ಲ ಹೇಳಿದೆ.

“ಗಂಡನ ಹೆಸರು ಹೇಳು ತಾಯಿ.”

ನಾನು ನೆಲ ನೋಡಿದೆ. ನಮ್ಮ ಮನೆಗಳಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಅವ್ವ ಇಂದಿಗೂ ಅಪ್ಪನನ್ನು ‘ಇವರು’ ಅಂತಲೇ ಅನ್ನುವುದು. ಇಷ್ಟಕ್ಕೂ ನಾನು ಬಂದಿದ್ದು ಆ ಮದುವೆಯನ್ನು ಮುರಿದುಕೊಳ್ಳುವುದಕ್ಕೆ! ಮುರಿಯುವುದಕ್ಕೆ ನಾಚಿಕೆಯಿಲ್ಲ, ಹೆಸರು ಹೇಳುವುದಕ್ಕೆ ನಾಲಿಗೆ ಏಳುವುದಿಲ್ಲ. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಅವತ್ತು ಬೆವರು ಬಂದಿತ್ತು. ಅಪ್ಪ ಹೇಳಲು ಬಾಯಿ ತೆರೆದರು, ಮೇಷ್ಟ್ರು ಕೈ ಅಡ್ಡ ಹಿಡಿದರು. “ನೀವಲ್ರಿ, ಅರ್ಜಿ ಆಯಮ್ಮಂದು.” ಮತ್ತೆ ಕೇಳಿದರು, ಇನ್ನೊಮ್ಮೆ ಕೇಳಿದರು. ನನ್ನ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡು ಅವರ ಮುಖವೇ ಬೇರೆಯಾಯಿತು.

“ಹೋಗ್ಲಿ ಬಿಡು ತಾಯಿ, ಅಳಬ್ಯಾಡ. ಲಗ್ನಪತ್ರಿಕೆ ಐತಾ?”

ಚೀಲದಿಂದ ತೆಗೆದು ಕೊಟ್ಟೆ. ಚಿರಂಜೀವಿ ಸುರೇಶ್ ಎಂದು ಬಂಗಾರದ ಬಣ್ಣದಲ್ಲಿತ್ತು. “ಎಷ್ಟೋ ವರ್ಷಕ್ಕೆ ಇವತ್ತೊಂದಿನ ನೋಡ್ಕಂಡು ಹೊಡಿತಾ ಇದೀನಿ,” ಎಂದು ನಗುತ್ತ ಹೊಡೆದರು. ಅವರು ತಮ್ಮ ಪದ್ಧತಿ ಮುರಿದದ್ದು ನನ್ನ ಮೇಲಿನ ಕರುಣೆಯಿಂದ.

ಹೊರದೇಶದಲ್ಲಿರುವವರಿಗೆ ಕೋರ್ಟಿನ ನೋಟಿಸು ಪಕ್ಕದೂರಿಗೆ ಹೋದ ಹಾಗೆ ಹೋಗುವುದಿಲ್ಲ. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇನ್ನೆಲ್ಲಿಗೋ, ಬಾಗಿಲಿಂದ ಬಾಗಿಲಿಗೆ ಸೀಲು ಹೊಡೆಸಿಕೊಂಡು ಹೋಗಬೇಕು. ಅದು ತಲುಪಿತು ಅಂತ ಕಾಗದ ಬರುವವರೆಗೆ ಕೇಸು ಒಂದು ಹೆಜ್ಜೆಯೂ ಮುಂದೆ ಇಡುವುದಿಲ್ಲ. ತಾರೀಕು ಬಂದಾಗಲೆಲ್ಲ ಬೆಳಗಿನ ಬಸ್ಸಿಗೆ ಹತ್ತಿ ಹಾನಗಲ್, ತಳಕು ದಾಟಿ ಚಳ್ಳಕೆರೆಗೆ ಬಂದು ಇಳಿಯುತ್ತಿದ್ದೆ. ಕೋರ್ಟಿನ ಬಾಗಿಲಲ್ಲಿ ನನ್ನ ಹೆಸರು ಕೂಗುತ್ತಿದ್ದರು, ಆಮೇಲೆ ಅವನ ಹೆಸರು ಮೂರು ಸಲ. ಮಸ್ಕತ್ತಿನಲ್ಲಿರುವವನಿಗೆ ಚಳ್ಳಕೆರೆಯಿಂದ ಕೂಗಿದರೆ ಕೇಳುತ್ತದೆಯೇ ಎಂದು ನನಗೆ ಅನ್ನಿಸುತ್ತಿತ್ತು.

ಆ ದಿನಗಳಲ್ಲಿ ನನಗಿದ್ದ ಒಂದೇ ನೆರಳು ಮೇಷ್ಟ್ರ ಕೋಣೆ. “ಹೊರಗೆ ನಿಂತು ಎಲ್ರ ಕಣ್ಣಿಗೆ ಯಾಕೆ ಬೀಳ್ತೀಯಾ, ಒಳಗೆ ಕೂರು,” ಎಂದು ತಮ್ಮ ಸ್ಟೂಲು ಜರುಗಿಸುತ್ತಿದ್ದರು. ಮಧ್ಯಾಹ್ನ ಮಂಡಕ್ಕಿ ತರಿಸಿ ಪೇಪರಿನ ಮೇಲೆ ಸುರಿದು ಅರ್ಧ ನನ್ನ ಕಡೆ ತಳ್ಳುತ್ತಿದ್ದರು. ಮೆಣಸಿನಕಾಯಿ ಮಾತ್ರ ಪೂರ್ತಿ ಅವರದೇ. ಗಂಡ ಯಾಕೆ ಬಿಟ್ಟ, ನಿನ್ನದೇನಾದರೂ ತಪ್ಪಿತ್ತಾ, ಇಂಥ ಒಂದು ಮಾತನ್ನೂ ಅವರು ಕೇಳಲಿಲ್ಲ. ಊರಿನಲ್ಲಿ ಅದನ್ನು ಕೇಳದೆ ಬಿಟ್ಟವರು ಇರಲಿಲ್ಲ. ಮೇಷ್ಟ್ರು ಕೇಳುತ್ತಿದ್ದದ್ದು ಸೀರೆಯ ಬಗ್ಗೆ. ಬುಟ್ಟಾ ಹೇಗೆ ಬರುತ್ತದೆ, ಒಂದು ಸೀರೆಗೆ ಎಷ್ಟು ದಿನ...

ಎಂಟು ತಿಂಗಳ ಮೇಲೆ ನೋಟಿಸು ವಾಪಸು ಬಂತು. ಹೋದ ಹಾಗೆಯೇ, ತೆರೆಯದೆ. ಮೇಲೆ ಒಂದಿಷ್ಟು ಅರಬ್ಬಿ, ಕೆಳಗೆ ಒಂದು ಸಾಲು ಇಂಗ್ಲಿಷು. ಅವನು ಜಾಗ ಬದಲಿಸಿರಬೇಕು, ಇನ್ನು ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕಾಗಬಹುದು ಎಂದರು ವಕೀಲರಮ್ಮ. ಅಪ್ಪನ ಮುಖ ಬಿದ್ದುಹೋಯಿತು. ಮನೆಯ ವಿಷಯ ಪೇಪರಿನಲ್ಲಿ ಬಂದು, ಅದನ್ನು ಟೀ ಅಂಗಡಿಯಲ್ಲಿ ಕೂತು ಊರು ಓದುವುದನ್ನು ಅವರು ಆಗಲೇ ಕಣ್ಣಮುಂದೆ ಕಂಡಿದ್ದರು. ಇದು ಮುಗಿಯುವುದಿಲ್ಲ, ನಾನು ಹೀಗೇ ಮುದುಕಿಯಾಗುತ್ತೇನೆ ಅನ್ನಿಸಿ ಮೇಷ್ಟ್ರ ಕೋಣೆಗೆ ಬಂದು ಕೂತು ಅತ್ತುಬಿಟ್ಟೆ.

ಅವರು ಆ ಲಕೋಟೆಯ ನಕಲನ್ನು ಕನ್ನಡಕ ಏರಿಸಿ ಇಳಿಸಿ ಬಹಳ ಹೊತ್ತು ನೋಡಿದರು. ಪೆನ್ಸಿಲು ತೆಗೆದು ಇಂಗ್ಲಿಷ್ ಸಾಲಿನ ಕೆಳಗೆ ಗೆರೆ ಎಳೆದರು.

“ವಿಳಾಸ ತಪ್ಪು ಅಂದಿಲ್ಲ ತಾಯಿ. ಈ ಹೆಸರಿನೋರು ಇಲ್ಲಿ ಇಲ್ಲ ಅಂದವ್ರೆ. ಆಳು ಅಲ್ಲೇ ಅವ್ನೆ, ಹೆಸರು ತಪ್ಪೈತೆ.”

“ಬೀದಿಯೆಲ್ಲ ಸುರೇಶ ಅಂತಲೇ ಕರೆಯೋದು ಮೇಷ್ಟ್ರೇ,” ಎಂದರು ಅಪ್ಪ.

“ಬೀದಿ ಪಾಸ್‌ಪೋರ್ಟ್ ಕೊಡಲ್ರಿ.” ಆಮೇಲೆ ಎರಡೂ ಕೆನ್ನೆಗೆ ಪಟಪಟನೆ ಬಡಿದುಕೊಂಡರು. “ನಂದೇ ತಪ್ಪು. ನೋಡ್ಕಂಡು ಹೊಡೆದ್ನಲ್ಲ, ಅದು.”

ಮುಂದಿನ ಭಾನುವಾರ ಬಿಸಿಲಿಗೆ ಛತ್ರಿ ಹಿಡಿದು ಮೇಷ್ಟ್ರು ಮೊಳಕಾಲ್ಮುರಿನಲ್ಲಿ ಬಸ್ಸಿಳಿದರು. ಯಾರೂ ಕರೆದಿರಲಿಲ್ಲ. ಅಪ್ಪನನ್ನು ಮನೆಯಲ್ಲೇ ಬಿಟ್ಟು, ನನ್ನೊಬ್ಬಳನ್ನೇ ಕರೆದುಕೊಂಡು ಅತ್ತೆಯ ಮನೆಗೆ ಹೊರಟರು. ಎರಡು ವರ್ಷದಿಂದ ನಾನು ಆ ಬೀದಿಗೆ ಕಾಲಿಟ್ಟಿರಲಿಲ್ಲ. ದಾರಿಯುದ್ದಕ್ಕೂ, ಬಾಗಿಲು ಮುಖಕ್ಕೆ ಹಾಕಿದರೆ ಏನು ಮಾಡುವುದು ಎಂದು ನಾನು ಕೇಳುತ್ತಲೇ ಇದ್ದೆ. “ಹಾಕಿದ್ರೆ ಬಸ್ ಐತಲ್ಲ, ಹೋಗ್ತೀನಿ,” ಅಂದರು.

ಅತ್ತೆ ಬಾಗಿಲು ಹಾಕಲಿಲ್ಲ. ನಡುಮನೆಯಲ್ಲಿ ರಾಟೆ ಮುಂದಿಟ್ಟುಕೊಂಡು ರೇಷ್ಮೆ ಸುತ್ತುತ್ತಿದ್ದರು. ನನ್ನನ್ನು ಕಂಡರು, ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ರಾಟೆ ತಿರುಗುತ್ತಲೇ ಇತ್ತು. ಮೇಷ್ಟ್ರು ಗೋಡೆಗೆ ಒರಗಿ ನೆಲದ ಮೇಲೆ ಕೂತು, ಬಂದ ಕೆಲಸ ಹೇಳಿದರು.

“ಮಗನ ಹೆಸರೇನವ್ವಾ?”

“ಸುರೇಶ.”

“ಇಸ್ಕೂಲಿಗೆ ಹಾಕಿದಾಗ ಏನ್ ಬರೆಸಿದ್ರಿ?”

ರಾಟೆ ನಿಂತಿತು. ಅತ್ತೆ ಸೆರಗು ಸರಿಮಾಡಿಕೊಂಡು ಗೋಡೆಯ ಮೇಲಿದ್ದ ಹಳೆಯ ಫೋಟೋ ನೋಡಿದರು. ಅವರ ಮಾವನ ಫೋಟೋ ಅದು. “ಆ ಪೇರು ನಾ ನೋಟ ರಾದು,” ಅಂದರು. ಆ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ, ಅಂತ.

ಆಗ ನನಗೆ ಅರ್ಥವಾಯಿತು. ಮೊಮ್ಮಗನಿಗೆ ತಾತನ ಹೆಸರು ಇಟ್ಟಿದ್ದರು. ತಾತನ ಹೆಂಡತಿಗೆ ಅದು ಗಂಡನ ಹೆಸರು, ಅತ್ತೆಗೆ ಮಾವನ ಹೆಸರು. ಆ ಮನೆಯ ಯಾವ ಹೆಂಗಸೂ ಮಗುವನ್ನು ಆ ಹೆಸರಿನಿಂದ ಕರೆಯುವ ಹಾಗಿರಲಿಲ್ಲ. ಅದಕ್ಕೇ ಕರೆಯಲು ಒಂದು ಸುರೇಶ ಹುಟ್ಟಿಕೊಂಡ. ಬೀದಿಗೆ ಅದೇ ರೂಢಿಯಾಯಿತು, ಲಗ್ನಪತ್ರಿಕೆಗೂ ಅದೇ ಹೋಯಿತು. ನಿಜವಾದ ಹೆಸರು ಶಾಲೆಯ ರಿಜಿಸ್ಟರಿನಿಂದ ಪಾಸ್‌ಪೋರ್ಟಿಗೆ ಹತ್ತಿ ಸಮುದ್ರ ದಾಟಿಹೋಯಿತು. ಇತ್ತ ನಾನು, ಹೆಂಡತಿಯಾಗಿ, ಸುರೇಶ ಎಂದೂ ಬಾಯಿಬಿಟ್ಟವಳಲ್ಲ. ಬಿಟ್ಟಿದ್ದರೆ ಅವನೇ ತಮಾಷೆಗಾದರೂ ನಿಜ ಹೇಳುತ್ತಿದ್ದನೇನೋ... ಮಗ್ಗದ ಬಾಚಣಿಗೆಯಂಥ ಅಚ್ಚಿನಲ್ಲಿ ಒಂದು ಎಳೆ ತಪ್ಪಾಗಿ ಪೋಣಿಸಿದರೆ ಸೀರೆಯ ಉದ್ದಕ್ಕೂ ಗೆರೆ ಬಿದ್ದಂತೆ, ಮೂರು ತಲೆಮಾರಿನ ನಮ್ಮ ಮೌನವೆಲ್ಲ ಸೇರಿ ಆ ನೋಟಿಸನ್ನು ವಾಪಸು ಕಳಿಸಿತ್ತು.

ಮೇಷ್ಟ್ರು ನಗಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. “ನಮ್ ಮನೇಲೂ ಹಂಗೇ ಇತ್ತವ್ವಾ. ಗೊತ್ತೈತೆ ನಂಗೆ,” ಅಂದರು. “ಆದ್ರೆ ನೀವು ಹೇಳ್ಲಿಲ್ಲ ಅಂದ್ರೆ ಈ ಹುಡುಗಿ ಎಲ್ಲಿದ್ಲೋ ಅಲ್ಲೇ ನಿಂತಿರ್ತಾಳೆ.”

ಅತ್ತೆ ಮೊದಲ ಸಲ ನನ್ನನ್ನು ನೇರ ನೋಡಿದರು. ಎಷ್ಟು ಹೊತ್ತು ನೋಡಿದರೋ. ಆಮೇಲೆ ಎದ್ದು ಫೋಟೋದ ಮುಂದೆ ನಿಂತು ಕೈಮುಗಿದರು, ಕ್ಷಮೆ ಕೇಳುವವರ ಹಾಗೆ ಕೆನ್ನೆ ಮುಟ್ಟಿಕೊಂಡರು. ನಮ್ಮ ಕಡೆ ಬೆನ್ನು ಮಾಡಿಯೇ, ಪಿಸುಮಾತಿನಲ್ಲಿ ಹೇಳಿದರು.

“ತಿಪ್ಪೇಸ್ವಾಮಿ.”

ಪೆಟ್ಟಿಗೆಯಿಂದ ಮಗನ ಪಾಸ್‌ಪೋರ್ಟಿನ ಮಾಸಿದ ಜೆರಾಕ್ಸು ತೆಗೆದುಕೊಟ್ಟರು. ನನ್ನ ಹಣೆಗೆ ಕುಂಕುಮವಿಟ್ಟು, “ನೀಕು ಮಂಚಿ ಜರಗನೀ ತಲ್ಲೀ,” ಅಂದರು. ನಿನಗೆ ಒಳ್ಳೆಯದಾಗಲಿ ಎಂದು ನನ್ನನ್ನು ಬಿಟ್ಟವನ ತಾಯಿ ಹರಸಿದ್ದು. ನಾನು ಅವರ ಕಾಲಿಗೆ ಬಿದ್ದೆ. ಅದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಮರುದಿನ ಚಳ್ಳಕೆರೆಯಲ್ಲಿ ತಿದ್ದುಪಡಿಯ ಅರ್ಜಿ. ಮೇಷ್ಟ್ರು ಪಾಸ್‌ಪೋರ್ಟಿನ ನಕಲನ್ನು ಬೋರಲು ಹಾಕಿ ನನ್ನ ಕಡೆ ತಿರುಗಿದರು. “ಈ ಸಲ ಬಿಡಲ್ಲ ತಾಯಿ. ಬಾಯಲ್ಲಿ ಹೇಳು.”

ಹೇಳಿದೆ. ನನಗೇ ಕೇಳಿಸಲಿಲ್ಲ.

“ಜೋರಾಗಿ.”

“ತಿಪ್ಪೇಸ್ವಾಮಿ!” ಅಂದೆ. ಹೊರಗೆ ಬೇವಿನ ಮರದ ಕೆಳಗಿದ್ದ ಒಬ್ಬರು “ಏನ್ರೀ?” ಎಂದು ಒಳಗೆ ಇಣುಕಿದರು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಮ್ ತಾಲ್ಲೂಕಲ್ಲಿ ಈ ಹೆಸರು ಕೂಗಿದ್ರೆ ನಾಲ್ಕು ಜನ ಎದ್ದು ಬರ್ತಾರೆ. ಅದಕ್ಕೇ ಉರುಫ್ ಹಾಕ್ಬೇಕು.” ಎರಡು ಹೆಸರಿನವರಿಗೆ ಕೋರ್ಟಿನ ಕಾಗದದಲ್ಲಿ ನಡುವೆ ಹಾಕುವ ಪದವಂತೆ ಅದು. ತಿಪ್ಪೇಸ್ವಾಮಿ ಉರುಫ್ ಸುರೇಶ್. ಯಾವಾಗಲೂ ಅಳುತ್ತಿದ್ದ ನಾನೂ ಅವತ್ತು ನಕ್ಕೆ. ಎಷ್ಟೋ ದಿನದ ಮೇಲಿನ ನಗು ಅದು.

ಆ ನೋಟಿಸು ತಲುಪಿತು. ನಾಲ್ಕು ತಿಂಗಳೊಳಗೆ ಅವನ ಕಡೆಯ ವಕೀಲರು ಹಾಜರಾದರು. ಅವನಿಗೂ ಜಗಳ ಬೇಕಿರಲಿಲ್ಲ. ಅಲ್ಲಿಯ ನಮ್ಮ ರಾಯಭಾರ ಕಚೇರಿಗೆ ಹೋಗಿ ಒಪ್ಪಿಗೆಯ ಪತ್ರಕ್ಕೆ ಸಹಿ ಮಾಡಿ ಕಳಿಸಿದ. ಇಬ್ಬರೂ ಒಪ್ಪಿ ಬೇರೆಯಾಗುವುದೆಂದು ಅರ್ಜಿ ಬದಲಾಯಿತು. ಕಾಯಬೇಕಾದಷ್ಟು ಕಾದೆವು. ಕೊನೆಯ ದಿನ ಅವನು ಮಸ್ಕತ್ತಿನಿಂದಲೇ ಕೋರ್ಟಿನ ಪರದೆಯ ಮೇಲೆ ಬಂದ. ಸೊರಗಿದ್ದ. ಮಾತು ಒಂದು ಕ್ಷಣ ತಡವಾಗಿ ಬರುತ್ತಿತ್ತು, ತುಟಿ ಮೊದಲು, ದನಿ ಆಮೇಲೆ.

ಪರದೆಯ ಮೇಲೆ ಕಾಣುತ್ತಿರುವವರು ಯಾರು ಎಂದು ಜಡ್ಜ್ ಸಾಹೇಬರು ನನ್ನನ್ನು ಕೇಳಿದರು. ನಾನು ತಲೆ ಎತ್ತಿ, ಒಂದಿಷ್ಟೂ ತೊದಲದೆ, ಪೂರ್ತಿ ಹೆಸರು ಹೇಳಿದೆ. ಒಂದು ಕ್ಷಣ ತಡವಾಗಿ ಅವನಿಗದು ಕೇಳಿಸಿತು. ತಟ್ಟನೆ ನನ್ನ ಕಡೆ ನೋಡಿದ. ನನ್ನ ಬಾಯಲ್ಲಿ ಅವನು ತನ್ನ ಹೆಸರು ಕೇಳಿದ್ದು ಅದೇ ಮೊದಲು, ಅದೇ ಕೊನೆ. ಅವನ ಕಣ್ಣಲ್ಲಿ ನೀರಿತ್ತೋ, ನೆಟ್‌ವರ್ಕ್ ಸರಿಯಿರಲಿಲ್ಲವೋ ಗೊತ್ತಿಲ್ಲ. ಎಲ್ಲಿದ್ದರೂ ಚೆನ್ನಾಗಿರಲಿ.

ಹೊರಗೆ ಬಂದು “ಆಯ್ತು ಮೇಷ್ಟ್ರೇ,” ಅಂದೆ. ಅವರು ಎದ್ದು, ಮೂಲೆಯ ಟೈಪ್‌ರೈಟರಿನ ಬಟ್ಟೆ ತೆಗೆದು ಜಾಡಿಸಿದರು. ಹಾಳೆ ಏರಿಸಿ, ನೇಕಾರರ ಗುರುತಿನ ಚೀಟಿಗೆ ನನ್ನ ಅರ್ಜಿಯನ್ನು ಅದರಲ್ಲೇ ಹೊಡೆದರು. “ಖುಷಿ ಆದಾಗ ಇದ್ರಾಗೇ ಹೊಡಿಬೇಕು,” ಅಂದರು. ಕೋಣೆಯ ತುಂಬ ರಿಬ್ಬನ್ನಿನ ವಾಸನೆ ಎದ್ದಿತು. ಗಂಡನ ಹೆಸರಿನ ಸಾಲಿಗೆ ಬಂದಾಗ ನನ್ನನ್ನು ಏನೂ ಕೇಳಲಿಲ್ಲ. ಒಂದು ಅಡ್ಡಗೆರೆ ಹೊಡೆದು, “ಈ ಗೆರೆಗೆ ಉರುಫ್ ಬ್ಯಾಡ,” ಎಂದು ಕಣ್ಣು ಮಿಟುಕಿಸಿದರು. ಈಗ ನನ್ನ ಹೆಸರಿನಲ್ಲಿ ಎರಡು ಮಗ್ಗಗಳಿವೆ. ಗಂಡನ ಹೆಸರಿನ ಸಾಲಿಗೆ ಆ ಗೆರೆ ಎಳೆದು ಎಷ್ಟು ಅರ್ಜಿಗಳನ್ನು ತುಂಬಿದ್ದೇನೋ, ಪ್ರತಿ ಸಲವೂ ಅವರನ್ನು ನೆನೆದಿದ್ದೇನೆ.

ನೆನೆದೆ ಅಷ್ಟೇ, ಹೋಗಲಿಲ್ಲ. ಮಗ್ಗ, ಮನೆ, ಅವ್ವನ ಕಾಯಿಲೆ... ಚಳ್ಳಕೆರೆಗೆ ಹೋದಾಗಲೂ ಕೋರ್ಟಿನ ಕಡೆ ಕಾಲು ಎಳೆಯುತ್ತಿರಲಿಲ್ಲ.

ಕಳೆದ ವಾರ ಲಗ್ನಪತ್ರಿಕೆ ಅಚ್ಚಾಗಿ ಬಂತು. ಮೂಲೆಗಳಿಗೆ ಅರಿಶಿನ ಹಚ್ಚಿ, ಮೊದಲನೆಯದನ್ನು ಮೇಷ್ಟ್ರಿಗೇ ಕೊಡಬೇಕೆಂದು ಬೆಳಗಿನ ಬಸ್ಸು ಹತ್ತಿದೆ. ತಳಕಿನ ಹತ್ತಿರ ಪೆನ್ನು ತೆಗೆದು ಲಕೋಟೆಯ ಮೇಲೆ ‘ಶ್ರೀ’ ಎಂದು ಬರೆದೆ. ಪೆನ್ನು ನಿಂತಿತು. ಅಷ್ಟು ವರ್ಷ ಆ ಸ್ಟೂಲಿನ ಮೇಲೆ ಕೂತೆ, ಅವರ ಹೆಸರು ಕೇಳಿಯೇ ಇರಲಿಲ್ಲ! ನಾಚಿಕೆಯಾಯಿತು. ಹೋಗಲಿ, ಅವರನ್ನೇ ಕೇಳಿ ಬೈಸಿಕೊಂಡು ಬರೆಯೋಣ ಎಂದು ಪೆನ್ನು ಒಳಗಿಟ್ಟೆ.

ಕೋಣೆಯಲ್ಲಿ ಈಗ ಮೊಬೈಲ್ ಕವರುಗಳನ್ನು ತೂಗುಹಾಕಿದ್ದಾರೆ. “ಮೇಷ್ಟ್ರು ತೀರ್ಕಂಡು ವರ್ಷದ ಮೇಲಾಯ್ತಲ್ಲಕ್ಕಾ,” ಎಂದ ಅಂಗಡಿಯವನು. ಮಗಳ ಊರಿಗೆ ಹೋಗಿದ್ದರಂತೆ, ಅಲ್ಲೇ ಹೋದರಂತೆ. ಲಕೋಟೆ ಕೈಯಲ್ಲಿ ಹಿಡಿದೇ, ಅವರ ಹೆಸರೇನು ಅಂದೆ. ಅವನು ತಲೆ ಕೆರೆದುಕೊಂಡ. “ಎಲ್ರೂ ಟೈಪಿಂಗ್ ಮೇಷ್ಟ್ರು ಅಂತಿದ್ವಿ...” ವಕೀಲರಮ್ಮನಿಗೆ ಫೋನ್ ಮಾಡಿದೆ. “ಅಯ್ಯೋ, ನಾನೂ ಮೇಷ್ಟ್ರೇ ಅಂತಲೇ ಕರೀತಿದ್ದೆ ಕಣಮ್ಮಾ,” ಅಂದರು. ಬೇವಿನ ಮರದ ಕೆಳಗೆ ನಿಂತು ಅತ್ತುಬಿಟ್ಟೆ.

ಮನೆಗೆ ಬಂದು ಕೇಸಿನ ಫೈಲು ಬಿಚ್ಚಿದೆ. ನನ್ನ ಹೆಸರಿದೆ, ಅವನ ಎರಡೂ ಹೆಸರಿವೆ, ನಮ್ಮ ತಂದೆಯರ, ವಕೀಲರ, ಸಾಕ್ಷಿಗಳ ಹೆಸರಿವೆ. ಒಂದೊಂದನ್ನೂ ಕೇಳಿ ಕೇಳಿ ಹೊಡೆದವರ ಹೆಸರು ಮಾತ್ರ ಯಾವ ಹಾಳೆಯಲ್ಲೂ ಇಲ್ಲ. ಲಗ್ನಪತ್ರಿಕೆಯನ್ನು ಆ ಫೈಲಿನಲ್ಲೇ ಇಟ್ಟಿದ್ದೇನೆ. ‘ಶ್ರೀ’ ಎಂಬುದರ ಮುಂದಿನ ಜಾಗ ಹಾಗೇ ಇದೆ. ಚಳ್ಳಕೆರೆಯ ಕಡೆಯವರು ಸಿಕ್ಕಿದರೆ ಕೇಳುತ್ತಿದ್ದೇನೆ. ಯಾರಾದರೂ ಹೇಳಿದ ದಿನ, ಮೊದಲು ಒಂದು ಸಲ ಜೋರಾಗಿ ಬಾಯಲ್ಲಿ ಹೇಳಿ, ಆಮೇಲೆ ಬರೆಯುತ್ತೇನೆ.